ಒಡೆಯದ ಟ್ಯೂಬು

ಹಿಮದ ಇಳಿಜಾರಿನ ಮಧ್ಯೆ ಒಂದು ಚೂಪು ಕಲ್ಲಿತ್ತು. ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಕೂತು ಜನ ಜಾರಿ ಬರುವಾಗ ಟ್ಯೂಬು ಅದಕ್ಕೆ ತಗುಲಿ ಒಡೆಯುತ್ತಿತ್ತು. ಅವರು ಅಲ್ಲೇ ಉರುಳಿಬಿದ್ದು ಕಲ್ಲಿಗೆ ಶಾಪ ಹಾಕುತ್ತಿದ್ದರು. ಟ್ಯೂಬುಗಳನ್ನು ಬಾಡಿಗೆಗೆ ಕೊಡುವ ನೋರ್ಬು ತೇಪೆ ಹಾಕಿ ಹಾಕಿ ಸಾಕಾಗಿ, ಊರೂರು ಅಲೆದು, ದಪ್ಪ ಟ್ಯೂಬೊಂದನ್ನು ಹುಡುಕಿ ತಂದ. ಅದೇ ಕಲ್ಲಿನ ಮೇಲೆ ನಾಲ್ಕು ಸಲ ಕುಕ್ಕಿ ನೋಡಿದ. ಒಡೆಯಲಿಲ್ಲ.

"ಎಷ್ಟು ಟ್ಯೂಬುಗಳನ್ನು ಕೊಂದಿದ್ದೀಯೆ, ಪಾಪಿ?" ಎಂದು ಟ್ಯೂಬು ಕಲ್ಲನ್ನು ಕೇಳಿತು.

"ತುಂಬಾ. ಆದರೆ ಅವುಗಳ ಮೇಲೆ ಕೂತಿದ್ದವರೆಲ್ಲ ನಡೆದುಕೊಂಡೇ ಮನೆಗೆ ಹೋದರು. ನನ್ನಿಂದ ಹತ್ತು ಮಾರು ಕೆಳಗೆ, ಹಿಮದ ದಿಬ್ಬದ ಮರೆಯಲ್ಲಿ ಕಮರಿಯಿದೆ, ಇಲ್ಲಿ ನಿಂತವರಿಗೂ ಕಾಣುವುದಿಲ್ಲ. ನೀನು ಒಡೆಯದಿದ್ದರೆ ಇವನನ್ನು ನಿಲ್ಲಿಸುವವರು ಯಾರು?" ಎಂದಿತು ಕಲ್ಲು.

"ನಿಲ್ಲಿಸುವುದು ನನ್ನ ಕೆಲಸವಲ್ಲ. ಒಡೆಯದಿರುವುದು ನನ್ನ ಕೆಲಸ."

ನೋರ್ಬು ತುದಿಗೆ ಹತ್ತಿ, ಟ್ಯೂಬಿನ ಮೇಲೆ ಕೂತು ಜಾರಿದ. ಟ್ಯೂಬು ಕಲ್ಲಿನ ಮೇಲೆ ಪುಟಿದು ದಾಟಿತು. "ಗೆದ್ದೆ!" ಎಂದು ಅವನು ಕೂಗಿದ್ದು ಕಲ್ಲಿಗೆ ಕೇಳಿಸಿತು.

ಮೂರನೆಯ ದಿನ ಕಮರಿಗೆ ಇಳಿದು ಹೆಣ ಎತ್ತಿದವರಲ್ಲಿ ಒಬ್ಬ ಟ್ಯೂಬನ್ನು ತಟ್ಟಿ ನೋಡಿದ. ಗಾಳಿ ಕೂಡ ಇಳಿದಿರಲಿಲ್ಲ.

"ಒಳ್ಳೇ ಗಟ್ಟಿ ಮಾಲು," ಎನ್ನುತ್ತ ಅದನ್ನು ಹೆಗಲಿಗೆ ಹಾಕಿಕೊಂಡ.