ಮುರಿಗೆಪ್ಪನ ಕ್ರಿಕೆಟ್ ಕಾರ್ಡು

ದಾವಣಗೆರೆಯ ಮುರಿಗೆಪ್ಪನ ಮನೆಯಲ್ಲಿ ಅವತ್ತು ಅಣ್ಣತಮ್ಮಂದಿರ ಹಿಸ್ಸೆ. ಪಡಸಾಲೆಯಲ್ಲಿ ಪಂಚರು ಕೂತು ಕೊಳಗ, ತಪ್ಪೇಲಿ ಪಾಲು ಮಾಡುತ್ತಿದ್ದರೆ, ಅಣ್ಣ ಮುರಿಗೆಪ್ಪ ಗೆಳೆಯರ ಜೊತೆ ಒಳಕೋಣೆ ಸೇರಿಕೊಂಡಿದ್ದ. ಕೈಯಲ್ಲಿ ಅಪ್ಪನ ಪೆಟ್ಟಿಗೆಯಿಂದ ಮೆಲ್ಲಗೆ ಎತ್ತಿದ ಕಾರ್ಡು. ಯಾವ ಕಾಲದ್ದೋ ಪೆಪ್ಪರಮೆಂಟು ಪೊಟ್ಟಣದಲ್ಲಿ ಬಂದ ಕ್ರಿಕೆಟ್ ಆಟಗಾರನ ಚಿತ್ರ.

"ಹರಾಜಿನಲ್ಲಿ ಮೂರು ಲಕ್ಷ ಖಂಡಿತ," ಅಂದ ಒಬ್ಬ.

"ಮುಂಬಯಿ ಸೇಟುಗಳು ಬಂದರೆ ಐದು!" ಅಂದ ಇನ್ನೊಬ್ಬ.

ಕಾಫಿ ತಂದ ಅಡುಗೆಯಾಕೆಯ ಕೈಯಲ್ಲಿದ್ದ ಲೋಟ ತುಳುಕಿ ಒಂದು ಹನಿ ಕಾರ್ಡಿನ ಮೇಲೆ ಬಿತ್ತು.

"ಮೂದೇವಿ! ಐದು ಲಕ್ಷದ ಮಾಲು! ಇನ್ನು ಸಾಯೋತನಕ ಸಂಬಳ ಇಲ್ಲದೆ ದುಡಿ!" ಅಂತ ಗದರಿದ ಮುರಿಗೆಪ್ಪ.

ಆಕೆ ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಪಡಸಾಲೆಗೆ ಹೋದಳು.

"ಅಜ್ಜಾರೇ, ಈ ಮನೆಯ ಐದು ಲಕ್ಷದ ಸಾಮಾನು ಕೆಡಿಸಿದೆನಂತೆ. ಇನ್ನು ಪುಕ್ಕಟೆ ದುಡೀಬೇಕಂತೆ. ಹಿಸ್ಸೆ ಆಗ್ತಿದೆಯಲ್ಲ, ಅಣ್ಣನ ಮನೇಲಿ ಎಷ್ಟು ದುಡೀಲಿ, ತಮ್ಮನ ಮನೇಲಿ ಎಷ್ಟು ದುಡೀಲಿ?"

ತಮ್ಮನ ಕಿವಿ ನಿಮಿರಿತು. "ಐದು ಲಕ್ಷದ್ದು ಯಾವುದು?"

ಮುರಿಗೆಪ್ಪ ಕಾರ್ಡು ಹಿಡಿದೇ ಪಂಚೆ ಎಡವಿಕೊಂಡು ಓಡಿ ಬಂದ. "ಏನಿಲ್ಲಪ್ಪ, ರದ್ದಿ ಕಾಗದ! ತಮಾಷೆಗೆ ಅಂದೆ!"

"ಹಾಗಾದ್ರೆ ನನ್ನ ಸಂಬಳ?"

"ಕೊಡ್ತೀನಮ್ಮ ತಾಯಿ, ಕೊಡ್ತೀನಿ!"

ಪಂಚರಲ್ಲಿ ಹಿರಿಯನಾದ ಚನ್ನವೀರಜ್ಜ ಕೈ ಚಾಚಿದ. "ರದ್ದೀನಾ? ತಾ ಇಲ್ಲಿ. ಈ ಮೇಜು ಆಗಿನಿಂದ ಕುಂಟ್ತಾ ಇದೆ."

ಕಾರ್ಡನ್ನು ನಾಲ್ಕು ಮಡಿಕೆ ಮಡಿಸಿ, ಮೇಜಿನ ಕಾಲಡಿಗೆ ತುರುಕಿ, ಮೇಲೆ ಮೊಣಕೈ ಊರಿದ. ಒಳಕೋಣೆಯಿಂದ ಗೆಳೆಯರೆಲ್ಲ ಒಟ್ಟಿಗೆ "ಅಯ್ಯೋ" ಅಂದರು.

"ಅವರಿಗೇನಾಯ್ತು?" ಅಂದ ತಮ್ಮ.

"ತುಂಬಿದ ಮನೆ ಒಡೀತಿದೆಯಲ್ಲ," ಅಂದಳು ಅಡುಗೆಯಾಕೆ, "ಹೊಟ್ಟೆ ಉರೀತದೆ, ಪಾಪ."