ಮುಖವಿಲ್ಲದ ಕಂಪ್ಯೂಟರ್

ಒಂದು ಟಿವಿ ನೋಡಲು ಇಡೀ ಬೀದಿ ಸೇರುತ್ತಿದ್ದ ಕಾಲ ಅದು. ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅಂಬುಜಮ್ಮ ಅಂತ ಒಬ್ಬರಿದ್ದರು, ಟೈಪಿಂಗ್ ಕಲಿಸುತ್ತಿದ್ದರು. ಅವರಿಗೊಬ್ಬ ಮಗ, ಪಟ್ಟಾಭಿ. ಅಂಬುಜಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಪಟ್ಟಾಭಿ ಎಲ್ಲರನ್ನೂ ನಂಬುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದಿಷ್ಟೂ ಆಚೆ ಈಚೆ ಇಲ್ಲ. ಅದೇ ತೊಂದರೆ.

ಒಂದು ದಿನ ಸಿಂಗಾಪುರದಿಂದ ಒಂದು ಪೆಟ್ಟಿಗೆ ಬಂತು. ಕಳಿಸಿದವನು ಅಂಬುಜಮ್ಮನ ತಮ್ಮ ಶ್ರೀಕಂಠ. ಬಿಚ್ಚಿದರೆ ಒಳಗೆ ಬರೀ ಕೀಲಿಮಣೆ, ಒಂದಷ್ಟು ತಂತಿ, ಒಂದು ಕ್ಯಾಸೆಟ್ಟು.

"ಇದು ಕಂಪ್ಯೂಟರಂತೆ! ಮುಖ ಎಲ್ಲೋ ಇದಕ್ಕೆ? ಅರ್ಧ ನನಗೆ ಕಳಿಸಿ ಅರ್ಧ ಹೆಂಡತಿ ಮನೆಗೆ ಕಳಿಸಿದ್ದಾನೆ!"

ಜೊತೆಗೊಂದು ಕಾಗದ ಇತ್ತು. "ಅಕ್ಕಾ, ಗಾಬರಿಯಾಗಬೇಡ. ಮನೆಯಲ್ಲಿರೋ ಟಿವಿನೇ ಇದರ ಮುಖ, ಮನೆಯಲ್ಲಿರೋ ಟೇಪ್ ರೆಕಾರ್ಡರೇ ಇದರ ತಲೆ. ಯಾವುದಾದರೂ ಸರಿ, ಹೊಂದಿಕೊಳ್ಳುತ್ತೆ."

"ಯಾವುದಾದರೂ ಸರಿಯಂತೆ! ಹಾಗೆ ಹೇಳಿದೋರನ್ನೇ ಮೊದಲು ಅನುಮಾನ ಪಡಬೇಕು."

ಆದರೆ ಬೇರೆ ದಾರಿ ಇರಲಿಲ್ಲ. ಎದುರು ಸಾಲಿನಲ್ಲಿ ವಾಮನಮೂರ್ತಿ ಅಂತ ಇನ್ನೊಬ್ಬ ಟೈಪಿಂಗ್ ಮೇಷ್ಟ್ರು. ಹೋದ ವರ್ಷ ಅರ್ಧ ಮಕ್ಕಳು ಆ ಕಡೆ ಹೋಗಿದ್ದರು. ಶುಕ್ರವಾರ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಕಮಲಾಕ್ಷಿ ಮೇಡಂ ಬರುವವರಿದ್ದರು. ಕಂಪ್ಯೂಟರ್ ಓಡಿದರೆ ಮೂವತ್ತು ಹುಡುಗಿಯರು ಇಲ್ಲಿಗೆ. ಓಡದಿದ್ದರೆ ಎದುರು ಸಾಲಿಗೆ, ಅಂಬುಜಮ್ಮ ಬಾಗಿಲು ಹಾಕಬೇಕು.

ಮಂಗಳವಾರ ಪಕ್ಕದ ಮನೆ ಗಾರ್ಡ್ ಸಾಹೇಬರ ಟಿವಿಯನ್ನು, ಅವರ ಮಾಡಿನ ಮೇಲಿಂದ ಬರುವ ಉದ್ದನೆಯ ತಂತಿಯ ಸಮೇತ, ಎರವಲು ತಂದರು.

"ಲೋ ಪಟ್ಟಾಭಿ, ಕಂಪ್ಯೂಟರಿನ ತಂತಿ ಟಿವಿಗೆ ಸೇರಿಸು. ಚಿತ್ರ ಬರೋವರೆಗೂ ತಿರುಪು ತಿರುಗಿಸು."

ಸೇರಿಸಿದ. ತಿರುಗಿಸಿದ, ತಿರುಗಿಸಿದ, ತಿರುಗಿಸಿದ. ಆಮೇಲೆ ಕೂಗಿದ.

"ಅಮ್ಮಾ! ಬಂತು! ಕಂಪ್ಯೂಟರಿನಲ್ಲಿ ಎಮ್ಮೆ ಬಂತು!"

ಓಡಿ ಬಂದು ನೋಡಿದರೆ ರೈತರ ಕಾರ್ಯಕ್ರಮ. ಒಬ್ಬರು ಎಮ್ಮೆಗೆ ಸೂಜಿ ಚುಚ್ಚುತ್ತಿದ್ದಾರೆ.

"ಥೂ ಪೆದ್ದೇ! ಅವರ ಮಾಡಿನ ಮೇಲಿನ ಆಂಟೆನಾ ತಂತಿ ಹಾಗೇ ಬಿಟ್ಟಿದ್ದೀಯಲ್ಲೋ! ಹೊಸ ತಂತಿ ಹಾಕೋ ಮೊದಲು ಇರೋ ತಂತಿ ಕೀಳಬೇಕು ಕಣೋ!"

"ಹಾಗೇ ಮಾಡ್ತೀನಮ್ಮ."

ಬುಧವಾರ ಮನೆಯ ಟೇಪ್ ರೆಕಾರ್ಡರ್ ಸರದಿ. ಹೊಸ ತಂತಿ ಹಾಕುವ ಮೊದಲು ಪಟ್ಟಾಭಿ ಇರುವ ತಂತಿ ಕಿತ್ತ. ಕರೆಂಟಿನ ತಂತಿ ಬುಡಸಮೇತ ಕಿತ್ತ. ಹಿಂದಿನ ಮುಚ್ಚಳ ತೆಗೆದು ಒಳಗಿನ ಕೆಂಪುದು, ಹಸಿರುದು, ಹಳದಿದು ಎಲ್ಲಾ ಕಿತ್ತು, ಹೂ ಕಟ್ಟೋ ಹಾಗೆ ಕಟ್ಟಿಟ್ಟ.

"ಅಯ್ಯೋ ನನ್ನ ಹಣೆಬರಹವೇ! ವಾಮನಮೂರ್ತಿ ಏನಾದರೂ ಹೇಳಿಕೊಟ್ಟನೇನೋ?"

"ಇಲ್ಲಮ್ಮ. ನೀನೇ ಹೇಳಿದ್ದು."

"ಇನ್ನು ಮೇಲೆ ಯಾವುದನ್ನೂ ಕೀಳಬೇಡ, ತೆಗೀಬೇಡ! ಒಳಗೆ ಏನಿದೆಯೋ ಹಾಗೇ ಇರಲಿ. ಗುಂಡಿ ಮಾತ್ರ ಒತ್ತು. ಗೊತ್ತಾಯ್ತಾ?"

"ಗೊತ್ತಾಯ್ತಮ್ಮ."

ಗುರುವಾರ ಭಜನಾ ಮಂಡಳಿಯ ಗುಂಡಾಚಾರ್ರ ಟೇಪ್ ರೆಕಾರ್ಡರ್ ಬಂತು. ಪಟ್ಟಾಭಿ ಏನನ್ನೂ ಕೀಳಲಿಲ್ಲ, ಏನನ್ನೂ ತೆಗೆಯಲಿಲ್ಲ. ಒಳಗೆ ಇದ್ದದ್ದು ಹಾಗೇ ಇತ್ತು. ತಂತಿ ಸೇರಿಸಿ ಗುಂಡಿ ಒತ್ತಿದ. ಮಾವ ಕಳಿಸಿದ ಕ್ಯಾಸೆಟ್ಟು ಮೇಜಿನ ಮೇಲೇ ಇತ್ತು.

ಅರ್ಧ ಗಂಟೆ ಆಯಿತು, ಟಿವಿಯಲ್ಲಿ ಏನೂ ಇಲ್ಲ. ಅಂಬುಜಮ್ಮ ತಂತಿ ಎಳೆದು ನೋಡಿದರು. ಅದು ಕಳಚಿ ಬಂತು, ಅಲ್ಲಿವರೆಗೆ ತಂತಿಯೊಳಗೆ ಹೋಗುತ್ತಿದ್ದ ಸದ್ದು ಹೊರಗೆ ಬಿತ್ತು. ಟೇಪ್ ರೆಕಾರ್ಡರ್ ಗಟ್ಟಿಯಾಗಿ ಹಾಡತೊಡಗಿತು. ಗುಂಡಾಚಾರ್ರ ಹರಿಕಥೆ!

"ಕಂಪ್ಯೂಟರಿಗೆ ಹರಿಕಥೆ ಕೇಳಿಸ್ತಿದ್ದೀಯೇನೋ!"

"ಬೇಡ ಅಂತ ಅದೇನೂ ಅನ್ನಲಿಲ್ಲ ಅಮ್ಮಾ."

ಅಂಬುಜಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಕಾಗದವನ್ನು ಇನ್ನೊಂದು ಸಲ ಓದಿ, ಬೆರಳು ಮಡಿಸಿ ಮಡಿಸಿ ಹೇಳಿದರು.

"ಕೇಳು, ಸರಿಯಾಗಿ ಕೇಳು. ಮಕ್ಕಳಿಗೆ ಕಲಿಸೋ ಪಾಠ ಇರೋದು ಮಾವನ ಕ್ಯಾಸೆಟ್ಟಿನಲ್ಲಿ. ಅದನ್ನು ಹಾಕಿದಾಗ ಕೀಂ ಅಂತ ಕಿರುಚುತ್ತಂತೆ. ಕಿರುಚಲಿ, ಹೆದರಬೇಡ. ಕಿರುಚಾಟ ನಿಲ್ಲೋವರೆಗೂ ಯಾರನ್ನೂ ಮುಟ್ಟೋಕೆ ಬಿಡಬೇಡ. ನಿಂತ ಮೇಲೆ ಟಿವಿ ನೋಡು. ಪಾಠ ಬರದಿದ್ದರೆ ಹಿಂದಕ್ಕೆ ಸುತ್ತು, ದನಿ ಜೋರು ಮಾಡು, ಮತ್ತೆ ಮೊದಲಿಂದ. ಎಷ್ಟು ಸಲ ಬೇಕಾದರೂ ಆಗಲಿ, ಬಿಡಬೇಡ!"

"ಬಿಡಲ್ಲಮ್ಮ!"

ಶುಕ್ರವಾರ ಬಂತು. ಕಮಲಾಕ್ಷಿ ಮೇಡಂ ಬಂದರು. ಅಂಬುಜಮ್ಮನಿಗೆ ಲೋಕದ ಮೇಲೆ ಅನುಮಾನವಾದರೆ ಮೇಡಂಗೆ ಅಂಬುಜಮ್ಮನ ಮೇಲೇ ಅನುಮಾನ. ಕೊಡೆ ಮಡಿಸಿ, ಕೂರದೆ ನಿಂತೇ ಇದ್ದರು.

ಕ್ಯಾಸೆಟ್ ಹಾಕುವ ಮೊದಲು ಅಂಬುಜಮ್ಮ ಕೀಲಿಮಣೆಯ ಮೇಲೆ ಪಟಪಟ ಬಡಿದರು. ಟಿವಿಯಲ್ಲಿ ಅಕ್ಷರ ಅಕ್ಷರವಾಗಿ ಮೇಡಂ ಹೆಸರು ಮೂಡಿತು.

ಮೇಡಂ ಕಣ್ಣು ಕಿರಿದಾಯಿತು. "ಟಿವಿಗೆ ನನ್ನ ಹೆಸರು ಯಾರು ಹೇಳಿದ್ದು?"

"ನಾನೇ ಈಗ ಬಡಿದೆನಲ್ಲ ಮೇಡಂ!"

"ನೀವು ಬಡಿದದ್ದು ಇಲ್ಲಿ. ಬಂದದ್ದು ಅಲ್ಲಿ. ಹಿಂದೆ ಯಾರನ್ನ ಕೂರಿಸಿದ್ದೀರಿ?"

ಹಿಂದೆ ಬಗ್ಗಿದರು, ಗೋಡೆ ಇತ್ತು. ಮೇಜಿನ ಕೆಳಗೆ ಬಗ್ಗಿದರು, ಬೆಕ್ಕಿತ್ತು. ಆಗಿನ ಟಿವಿಗಳಿಗೆ ಅಡ್ಡಕ್ಕೆ ಎಳೆಯುವ ಮರದ ಬಾಗಿಲು. ಆ ಬಾಗಿಲ ಸಂದಿನಲ್ಲಿ ಗುಟ್ಟಿನ ತಂತಿ ಇದೆಯೇನೋ ಅಂತ ಮೇಡಂ ಬಲಗೈ ಬೆರಳು ತೂರಿಸಿ ತಡಕಿದರು. ಸರಿಯಾಗಿ ಕಾಣಲಿ ಅಂತ ಎಡಗೈಯಿಂದ ತಾವೇ ಬಾಗಿಲು ಎಳೆದರು, ಬೆರಳು ಸಿಕ್ಕಿಕೊಂಡಿತು.

"ಕೀಂ...!"

ಪಟ್ಟಾಭಿ ಎದ್ದು ನಿಂತ. "ಓ, ಶುರುವಾಯ್ತು!"

ಅಂಬುಜಮ್ಮ ಬಿಡಿಸಲು ಓಡಿದರು. ಪಟ್ಟಾಭಿ ಎರಡೂ ಕೈ ಚಾಚಿ ಅಡ್ಡ ನಿಂತ. "ಮುಟ್ಟಬೇಡಮ್ಮ! ಕಿರುಚಲಿ, ಹೆದರಬೇಡ!"

"ಲೋ, ಬಿಡೋ! ಅದು ಮೇಡಂ ಕಣೋ!"

"ನಿಲ್ಲೋವರೆಗೂ ಯಾರೂ ಮುಟ್ಟಬಾರದು!"

ಅಂಬುಜಮ್ಮ ಅವನ ಕಂಕುಳ ಕೆಳಗೆ ನುಸುಳಿ ಹೋಗಿ ಬಾಗಿಲು ಸರಿಸಿದರು. ಕಿರುಚಾಟ ನಿಂತಿತು. ಮೇಡಂ ಬೆರಳಿಗೆ ಉಫ್ ಉಫ್ ಅಂತ ಊದಿಕೊಂಡರು. ಟಿವಿಯನ್ನು ನೋಡಿದರು, ಸಂದನ್ನು ನೋಡಿದರು, ಇನ್ನೊಂದು ಸಲ ಟಿವಿಯನ್ನು ನೋಡಿದರು.

"ಒಳಗೆ ಯಾರೂ ಇಲ್ಲ," ಅಂದರು. "ಇದ್ದಿದ್ದರೆ ನನ್ನ ಕೂಗಿಗೆ ಎದ್ದು ಓಡಿರೋರು. ಸರಿ ಅಂಬುಜಮ್ಮ, ನಂಬಿದೆ. ಮೂವತ್ತು ಹುಡುಗಿಯರನ್ನೂ ಇಲ್ಲಿಗೇ ಕಳಿಸ್ತೀನಿ. ಕಾಗದ ಕೊಡಿ, ಸಹಿ ಹಾಕ್ತೀನಿ."

ಅಂಬುಜಮ್ಮನಿಗೆ ಕಣ್ಣಲ್ಲಿ ನೀರು. ಕಾಗದ ತರಲು ಒಳಗೆ ಓಡಿದರು. ಮೇಡಂ ಪೆನ್ನಿನ ಟೋಪಿ ತೆಗೆದರು.

ಪಟ್ಟಾಭಿ ಟಿವಿ ನೋಡಿದ. ಮೇಡಂ ಹೆಸರು ಹಾಗೇ ಇತ್ತು. ಪಾಠ ಬಂದಿರಲಿಲ್ಲ.

"ಬರಲಿಲ್ಲವಲ್ಲ!" ಅಂದ.

ಮೇಡಂನ ಭುಜ ಹಿಡಿದು, ಮರ್ಯಾದೆಯಿಂದಲೇ, ಹಿಂದಕ್ಕೆ ಒಂದು ಸುತ್ತು ಸುತ್ತಿಸಿದ. ಅವರ ಬಲಗೈಯನ್ನು ಪೆನ್ನಿನ ಸಮೇತ ಬಾಗಿಲ ಸಂದಿಗೆ ಇಟ್ಟ. ಬಾಗಿಲ ಹಿಡಿ ಹಿಡಿದುಕೊಂಡು ಹೇಳಿದ:

"ಈ ಸಲ ಇನ್ನೂ ಸ್ವಲ್ಪ ಜೋರಾಗಿ, ಮೇಡಂ!"