ಔಷಧದ ಸಾಲು

ಮಲಪ್ರಭೆಯ ದಡದ ಆ ಪುಟ್ಟ ಮಠಕ್ಕೆ ಗೋಪುರವಿರಲಿಲ್ಲ. ಪೂಜ್ಯ ಸಿದ್ಧಮ್ಮ ತಾಯಿಯವರು ಒಳಗಟ್ಟೆಯ ಮೇಲೆ ಕೂತು, ಭಕ್ತರು ತಂದುಕೊಟ್ಟ ಹಳೆಯ ಧೋತರಗಳನ್ನು ಹರಿದು ಗಾಯಕ್ಕೆ ಕಟ್ಟುವ ಪಟ್ಟಿ ಸುತ್ತುತ್ತಿದ್ದರು. ಸೋಮವಾರ ಬಂತೆಂದರೆ ಅಲ್ಲಿ ಎರಡು ಸಾಲು. ಅಂಗಳದ ಬೇವಿನ ಕೆಳಗೆ ಇನಾಮದಾರ ಡಾಕ್ಟರ ಔಷಧದ ಸಾಲು, ಒಳಗೆ ತಾಯಿಯವರ ವಿಭೂತಿಯ ಸಾಲು.

ತಂಗೆವ್ವ ಔಷಧದ ಸಾಲಿನಲ್ಲಿ ನಿಂತಿದ್ದಳು. ಸೊಂಟದ ಮೇಲೆ ಏಳು ವರ್ಷದ ಮಗಳು ಕಾಶವ್ವ. ಹುಟ್ಟಿದಾಗಿನಿಂದ ಕಾಲು ಸ್ವಾಧೀನವಿಲ್ಲ, ಮಾತಿಲ್ಲ. ಮೂರು ದಿನದಿಂದ ಕೂಸು ಅನ್ನ ಮುಟ್ಟಿರಲಿಲ್ಲ. ತಲೆಯ ಎಡಮಗ್ಗುಲನ್ನು ಅವ್ವನ ಭುಜಕ್ಕೆ ತಿಕ್ಕಿ ತಿಕ್ಕಿ ಅಳುತ್ತಿತ್ತು.

ಡಾಕ್ಟರು ಕಾಲುಗಳನ್ನು ನೋಡಿದರು. "ಇದು ಔಷಧದ್ದಲ್ಲ ತಂಗಿ. ಒಳಗ ತಾಯಾರ ಕಡೆ ಕರಕೊಂಡು ಹೋಗು, ವಿಭೂತಿ ಹಚ್ಚಸು."

ದನಿ ಮೆತ್ತಗೇ ಇತ್ತು. ಅದೇ ಹೆಚ್ಚು ನೋಯಿಸಿತು. ಹೋದ ವರ್ಷ ಕೆಮ್ಮಿಗೆ ಬಂದಾಗಲೂ ಹೀಗೇ ಒಳಗೆ ಕಳಿಸಿದ್ದರು.

"ಸ್ವಲ್ಪ ಸರೀ ಯವ್ವಾ, ನಮ್ಮ ಹುಡುಗಗ ಜ್ವರ ಬಂದಾವು" ಎಂದಳು ಹಿಂದಿನವಳು. ತಂಗೆವ್ವ ಸರಿದಳು. "ಏನ್ ಹೆಸರೋ ಹುಲಿ?" ಎಂದು ಡಾಕ್ಟರು ಆ ಹುಡುಗನನ್ನು ಕೇಳಿದ್ದು ಬೆನ್ನ ಹಿಂದೆ ಕೇಳಿಸಿತು. ಕಾಶವ್ವನ ಹೆಸರನ್ನು ಈವರೆಗೆ ಯಾವ ಡಾಕ್ಟರೂ ಕೇಳಿರಲಿಲ್ಲ.

ಒಳಗೆ ತಾಯಿಯವರು ವಿಭೂತಿಗೆ ಕೈ ಹಾಕಲಿಲ್ಲ. "ಏನು ಬೇಡಾಕ ಬಂದಿ ಮಗಳ?" ಎಂದು ಕೇಳಿದರು.

ನಡೆಸಿರಿ, ಮಾತಾಡಿಸಿರಿ ಎನ್ನಬೇಕಿತ್ತೇನೋ. ಆ ಕಟ್ಟೆಯ ಮುಂದೆ ಎಲ್ಲರೂ ಬೇಡುವುದು ಅದನ್ನೇ. ತಂಗೆವ್ವನ ಬಾಯಿಗೆ ಬಂದದ್ದೇ ಬೇರೆ. "ಪವಾಡ ಬ್ಯಾಡ್ರೀ ಯವ್ವಾ. ಎಲ್ಲಾ ಹುಡುಗರನ್ನ ನೋಡಿದಂಗ ಡಾಕ್ಟರು ನನ್ನ ಕೂಸನ್ನೂ ಒಮ್ಮೆ ನೋಡ್ಲಿ ಅಂತ ಆಸೆ."

ತಾಯಿಯವರು ಎದ್ದರು. ಕಾಶವ್ವನನ್ನು ತಾವೇ ಎತ್ತಿಕೊಂಡು ಹೊರಬಂದು ಔಷಧದ ಸಾಲಿನ ಕೊನೆಯಲ್ಲಿ ನಿಂತರು. ಜನ ದಾರಿ ಬಿಟ್ಟರೂ ಮುಂದೆ ಹೋಗಲಿಲ್ಲ. ಡಾಕ್ಟರು ಕುರ್ಚಿ ಬಿಟ್ಟು ಓಡಿ ಬಂದರೆ, "ನಮ್ಮ ಪಾಳಿ ಬರಲಿ" ಎಂದರು. ಬಿಸಿಲೇರಿತು. ಎಪ್ಪತ್ತು ದಾಟಿದ ತೋಳುಗಳು ನಡುಗಿದವು, ಕೂಸನ್ನು ಮಾತ್ರ ಇಳಿಸಲಿಲ್ಲ.

ಪಾಳಿ ಬಂದಾಗ ಡಾಕ್ಟರ ಮುಂದೆ ನೆಲಕ್ಕೆ ಕೂತು, ತೊಡೆಯ ಮೇಲಿನ ಕೂಸಿನ ಎರಡೂ ಪಾದಗಳನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ತಾಯಿಯವರು ಹೇಳಿದರು: "ಕಾಲು ನನ್ನ ಕಡೆ ಇರಲಿ. ನೀವು ಉಳಿದ ಕೂಸನ್ನ ನೋಡ್ರಿ."

ಡಾಕ್ಟರು ನೋಡಿದರು. ನಾಲಗೆ, ಎದೆ, ಆಮೇಲೆ ಕಿವಿ. ಎಡಗಿವಿಯೊಳಗೆ ಕೀವು ತುಂಬಿತ್ತು. ಅಂದು ಬೆಳಗಿನಿಂದ ಅದೇ ನೋವಿಗೆ ಅವರು ಮೂರು ಮಕ್ಕಳಿಗೆ ಔಷಧ ಕೊಟ್ಟಿದ್ದರು.

"ಹೋದ ವರ್ಷ ಏನಂತ ಬಂದಿದ್ದಿ ತಂಗಿ?"

"ಕೆಮ್ಮಿತ್ರೀ."

ಡಾಕ್ಟರು ಕೀವು ಒರೆಸಿ ಕಿವಿಗೆ ಔಷಧ ಹಾಕಿದರು. ಬಳಿಕ ಕೂಸಿನ ಮುಖದ ಮಟ್ಟಕ್ಕೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕೇಳಿದರು: "ನಿನ್ನ ಹೆಸರೇನವ್ವಾ?"

ಕಾಶವ್ವ ಅವ್ವನ ಕಡೆ ಕಣ್ಣು ಹೊರಳಿಸಿದಳು. ಏಳು ವರ್ಷ ನಾಲಗೆಯ ತುದಿಯಲ್ಲೇ ಇದ್ದ ಆ ಹೆಸರನ್ನು ತಂಗೆವ್ವ ಇಡೀ ಸಾಲಿಗೆ ಕೇಳುವಂತೆ ಹೇಳಿದಳು.

ಮುಂದೆ ಎಷ್ಟೋ ಸೋಮವಾರಗಳು ಬಂದವು. ಡಾಕ್ಟರು ಬಂದವರೇ ಚಪ್ಪಲಿ ಕಳಚಿ, ಮೊದಲು ಒಳಗಿನ ವಿಭೂತಿಯ ಸಾಲಿಗೆ ಹೋಗಿ, ಔಷಧ ಸಿಗದೆ ಅಲ್ಲಿ ನಿಂತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಕೇಳಿ ಕರೆತರುತ್ತಿದ್ದರು. ತಾಯಿಯವರು ತಲೆ ಎತ್ತದೆ ಪಟ್ಟಿ ಸುತ್ತುತ್ತಿದ್ದರು.